ಕಾರ್ಡಿನೊಳಗಿನ ಹಣ ಎಲ್ಲಿರುತ್ತದೆ?

ಹಿರೇಕೆರೂರು ತಾಲ್ಲೂಕಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಗೋವಿನಜೋಳ ಮಾರಿದ ಹಣ ಬ್ಯಾಂಕಿನ ಖಾತೆಗೆ ಬಂದು ಬಿದ್ದಿದೆ. ಮುಂದಿನ ಸುಗ್ಗಿಯವರೆಗೆ ಬೀಜ, ಗೊಬ್ಬರ, ಕೂಲಿ, ಮನೆಖರ್ಚು ಎಲ್ಲಕ್ಕೂ ಅದೇ ಆಧಾರ. ಅಷ್ಟರಲ್ಲಿ ಮಗಳಿಗೆ ಧಾರವಾಡದ ಕಾಲೇಜಿನಲ್ಲಿ ಪ್ರವೇಶ ಸಿಕ್ಕಿದೆ. ಹೊರಡುವ ದಿನ ತಂದೆ ತನ್ನ ಎಟಿಎಂ ಕಾರ್ಡನ್ನು ಮಗಳ ಕೈಗಿಟ್ಟು, ನಾಲ್ಕು ಅಂಕಿಯ ಪಿನ್ನನ್ನು ಚೀಟಿಯಲ್ಲಿ ಬರೆದು ಕೊಡುತ್ತಾನೆ. "ಬೇಕಾದಾಗ ತಗೋಳವ್ವ, ಆದ್ರ ಲೆಕ್ಕ ಇಡು" ಎನ್ನುತ್ತಾನೆ.

ಹಾನಗಲ್ಲಿನಲ್ಲಿರಲಿ, ಸವಣೂರಿನಲ್ಲಿರಲಿ, ಇಂಥ ಮನೆಗಳು ನಿಮಗೆ ಗೊತ್ತಿರಬಹುದು. ತಂದೆಯ ಉದ್ದೇಶ ಒಳ್ಳೆಯದೇ. ಆದರೆ ಅವನು ಕೊಟ್ಟದ್ದು ಮಗಳ ತಿಂಗಳ ಖರ್ಚಿನ ಹಣವನ್ನಲ್ಲ, ಇಡೀ ವರ್ಷದ ಬೆಳೆಯ ಕೀಲಿಕೈಯನ್ನು. ಕಾರ್ಡೂ ಚೀಟಿಯೂ ಒಂದೇ ಪರ್ಸಿನಲ್ಲಿದ್ದು ಬಸ್ಸಿನಲ್ಲಿ ಕಳೆದುಹೋದರೆ? ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಗ್ರಾಹಕನ ಹೊಣೆ ಎಷ್ಟು ಎಂಬುದನ್ನು ವಿವರಿಸಿದೆ. ಪಿನ್ನಿನಂಥ ಗುಟ್ಟಿನ ವಿವರವನ್ನು ಗ್ರಾಹಕನೇ ಬೇರೆಯವರಿಗೆ ಕೊಟ್ಟು ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಅವನದೇ. ಮಗಳು "ಬೇರೆಯವಳೇ" ಎಂದು ನೀವು ಕೇಳಬಹುದು. ಬ್ಯಾಂಕಿನ ಕಣ್ಣಿನಲ್ಲಿ ಹೌದು.

ಇಂಥ ಸಂದರ್ಭಕ್ಕೆ ಇನ್ನೊಂದು ಬಗೆಯ ಕಾರ್ಡು ಇದೆ. ಅದಕ್ಕೆ ಪ್ರೀಪೇಯ್ಡ್ ಕಾರ್ಡು, ಎಂದರೆ ಮುಂಗಡವಾಗಿ ಹಣ ತುಂಬಿದ ಕಾರ್ಡು ಎಂದು ಹೆಸರು. ನೋಡಲು ಡೆಬಿಟ್ ಕಾರ್ಡಿನಂತೆಯೇ ಇರುವುದರಿಂದ ಕೆಲವರು ಪ್ರೀಪೇಯ್ಡ್ ಡೆಬಿಟ್ ಕಾರ್ಡು ಎಂದೂ ಕರೆಯುತ್ತಾರೆ. ಇದರಿಂದ ಲಾಭವೇನು, ತೊಂದರೆಯೇನು ಎಂಬುದನ್ನು ನೋಡೋಣ.

ಮೂರು ಕಾರ್ಡು, ಮೂರು ಬಗೆಯ ಹಣ

ಕ್ರೆಡಿಟ್ ಕಾರ್ಡಿನಲ್ಲಿ ನೀವು ಖರ್ಚು ಮಾಡುವುದು ಬ್ಯಾಂಕಿನ ಹಣ. ಆಮೇಲೆ ತೀರಿಸಬೇಕಾದ ಸಾಲ. ಡೆಬಿಟ್ ಕಾರ್ಡಿನಲ್ಲಿ ಖರ್ಚಾಗುವುದು ನಿಮ್ಮ ಖಾತೆಯಲ್ಲಿರುವ ನಿಮ್ಮದೇ ಹಣ. ಪ್ರೀಪೇಯ್ಡ್ ಕಾರ್ಡಿನಲ್ಲಿ ಖರ್ಚಾಗುವುದೂ ನಿಮ್ಮದೇ ಹಣ, ಆದರೆ ಅದನ್ನು ಖಾತೆಯಿಂದ ಮೊದಲೇ ಹೊರತೆಗೆದು ಬೇರೆ ಕಡೆ ಇಟ್ಟಿರುತ್ತೀರಿ. ಮೊಬೈಲಿಗೆ ಕರೆನ್ಸಿ ಹಾಕಿಸುವುದು ನಮಗೆಲ್ಲ ರೂಢಿಯಾಗಿದೆಯಲ್ಲ, ಇದೂ ಹಾಗೆಯೇ. ಹಾಕಿಸಿದಷ್ಟು ಮಾತು, ಹಾಕಿಸಿದಷ್ಟು ಖರ್ಚು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಬುನಾದಿ ಹಾಕಿದ್ದು 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಅಧಿನಿಯಮ. ಅದರಡಿ ರಿಸರ್ವ್ ಬ್ಯಾಂಕು 2009ರ ಏಪ್ರಿಲಿನಲ್ಲಿ ಮೊದಲ ಮಾರ್ಗಸೂಚಿ ಪ್ರಕಟಿಸಿತು. 2017ರಲ್ಲಿ ಅದನ್ನು ಹೊಸದಾಗಿ ಬರೆಯಿತು. 2021ರ ಆಗಸ್ಟ್ 27ರಂದು ಮತ್ತೊಮ್ಮೆ. ಈ ಲೇಖನದಲ್ಲಿ ಹೇಳುವ ಮಿತಿಗಳೆಲ್ಲ 2021ರ ಆ ನಿರ್ದೇಶನದಲ್ಲಿರುವಂತೆ.

ಕಾರ್ಡು ಕೊಡುವವರು ಬ್ಯಾಂಕಿನವರೇ ಆಗಿರಬೇಕೆಂದಿಲ್ಲ. ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಖಾಸಗಿ ಕಂಪನಿಗಳೂ ಕೊಡಬಹುದು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಾರ್ಡಿನ ಮೇಲಿನ ಅಂಕಿಗಳು

ಯಾವುದೇ ಕಾರ್ಡಿನ ಮೇಲೆ ಸಾಮಾನ್ಯವಾಗಿ 16 ಅಂಕಿಗಳಿರುತ್ತವೆ. ಮೊದಲ 6 ಅಥವಾ 8 ಅಂಕಿಗಳು ಕಾರ್ಡು ಕೊಟ್ಟ ಸಂಸ್ಥೆಯ ಗುರುತು. ನೀವು ಕಾರ್ಡನ್ನು ಯಂತ್ರಕ್ಕೆ ತೂರಿಸಿದಾಗ, ಇದು ಯಾರ ಕಾರ್ಡು, ಡೆಬಿಟ್ಟೋ ಪ್ರೀಪೇಯ್ಡೋ ಎಂಬುದು ಜಾಲಕ್ಕೆ ಗೊತ್ತಾಗುವುದು ಈ ಅಂಕಿಗಳಿಂದಲೇ. ಅಂಗಡಿಯವನಿಗೆ ಅದು ತಿಳಿಯಬೇಕಾದ ಅಗತ್ಯವಿಲ್ಲ. ಆದ್ದರಿಂದಲೇ ಶಿಗ್ಗಾಂವಿಯ ಕಿರಾಣಿ ಅಂಗಡಿಯಲ್ಲಿ ರುಪೇ ಡೆಬಿಟ್ ಕಾರ್ಡು ನಡೆಯುವ ಯಂತ್ರದಲ್ಲಿ ರುಪೇ ಪ್ರೀಪೇಯ್ಡ್ ಕಾರ್ಡೂ ನಡೆಯುತ್ತದೆ.

ಕೊನೆಯ ಅಂಕಿಯದು ಬೇರೆಯೇ ಕೆಲಸ. ಅದು ತಪಾಸಣೆಯ ಅಂಕಿ. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬಾತ 1954ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದ. 1960ರಲ್ಲಿ ಅದು ಮಂಜೂರಾಯಿತು. ಲೆಕ್ಕ ಸುಲಭ, ಕಾಗದ ಪೆನ್ಸಿಲು ತೆಗೆದುಕೊಂಡು ನೀವೇ ಮಾಡಬಹುದು. ಉದಾಹರಣೆಗೆ 48762538 ಎಂಬ ಎಂಟು ಅಂಕಿಯ ಸಂಖ್ಯೆ ಇರಲಿ. ಎಡದಿಂದ 1, 3, 5, 7ನೇ ಸ್ಥಾನದ ಅಂಕಿಗಳನ್ನು ಎರಡರಿಂದ ಗುಣಿಸಿ: 4 ಎಂಬುದು 8 ಆಯಿತು, 7 ಎಂಬುದು 14, 2 ಎಂಬುದು 4, 3 ಎಂಬುದು 6. ಉತ್ತರ ಎರಡಂಕಿಯಾದರೆ ಆ ಎರಡನ್ನೂ ಕೂಡಿಸಿ. 14 ಎಂಬುದು 5 ಆಗುತ್ತದೆ. ಇವುಗಳ ಮೊತ್ತ 23. ಮುಟ್ಟದೆ ಬಿಟ್ಟ 8, 6, 5, 8 ಇವುಗಳ ಮೊತ್ತ 27. ಒಟ್ಟು 50. ಹತ್ತರಿಂದ ಶೇಷವಿಲ್ಲದೆ ಭಾಗವಾಗುತ್ತದೆ, ಆದ್ದರಿಂದ ಸಂಖ್ಯೆ ಸರಿ. ಈಗ ಅವಸರದಲ್ಲಿ 53 ಎಂಬುದನ್ನು 35 ಎಂದು ತಿರುವುಮುರುವಾಗಿ ಬರೆದು ನೋಡಿ. ಒಟ್ಟು 43 ಬರುತ್ತದೆ. ಯಂತ್ರ "ತಪ್ಪು ಸಂಖ್ಯೆ" ಎನ್ನುತ್ತದೆ. 16 ಅಂಕಿಯ ನಿಮ್ಮ ಕಾರ್ಡಿಗೂ ಇದೇ ಲೆಕ್ಕ: ಎಡದಿಂದ ಬೆಸಸ್ಥಾನದ ಅಂಕಿಗಳನ್ನು ಇಮ್ಮಡಿಸಿದರೆ ಆಯಿತು. (ಲೆಕ್ಕ ಮಾಡಿದ ಕಾಗದವನ್ನು ಹರಿದು ಹಾಕುವುದನ್ನು ಮರೆಯಬೇಡಿ!)

ಈ ಲೆಕ್ಕ ಬೆರಳು ತಪ್ಪಿದ್ದನ್ನು ಹಿಡಿಯುತ್ತದೆಯೇ ಹೊರತು ಕಳ್ಳನನ್ನು ಹಿಡಿಯುವುದಿಲ್ಲ. ಅದಕ್ಕೆ ಚಿಪ್ಪು, ಪಿನ್ನು, ಒಟಿಪಿಗಳು ಬೇಕು.

ಹಣದ ವಿಳಾಸ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಾರ್ಡಿಗೆ ಎರಡು ಸಾವಿರ ರೂಪಾಯಿ ತುಂಬಿಸಿದಿರಿ. ಆ ಎರಡು ಸಾವಿರ ಎಲ್ಲಿದೆ? ಪ್ಲಾಸ್ಟಿಕ್ಕಿನ ಒಳಗೆ ಎಂದು ಥಟ್ಟನೆ ಹೇಳಬೇಡಿ. ಬಹುಪಾಲು ಪ್ರೀಪೇಯ್ಡ್ ಕಾರ್ಡುಗಳಲ್ಲಿ ಹಣ ಇರುವುದು ಕಾರ್ಡು ಕೊಟ್ಟ ಸಂಸ್ಥೆಯ ಗಣಕಯಂತ್ರದ ಲೆಕ್ಕದಲ್ಲಿ. ಕಾರ್ಡಿನಲ್ಲಿರುವುದು ನಿಮ್ಮ ಗುರುತು ಮಾತ್ರ. ಅಂಗಡಿಯ ಯಂತ್ರವು ದೂರವಾಣಿ ಜಾಲದ ಮೂಲಕ ಆ ಗಣಕಯಂತ್ರವನ್ನು ಕೇಳುತ್ತದೆ: ಇವರ ಲೆಕ್ಕದಲ್ಲಿ 450 ರೂಪಾಯಿ ಇದೆಯೇ? ಇದ್ದರೆ ಕಳೆದು "ಸರಿ" ಎಂಬ ಉತ್ತರ ಬರುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳ ಮಾತು. ಹಾನಗಲ್ಲಿನ ಆಚೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದ ಹಳ್ಳಿಯಲ್ಲಿ ಯಂತ್ರ ಸುಮ್ಮನೆ ಸುತ್ತುತ್ತ ಕೂರುವುದು ಇದರಿಂದಲೇ. ಹಣ ಇದೆ, ಆದರೆ ಅದನ್ನು ಕೇಳಲು ದಾರಿ ಇಲ್ಲ.

ಕಾರ್ಡು ಕೊಟ್ಟದ್ದು ಬ್ಯಾಂಕೇತರ ಕಂಪನಿಯಾದರೆ, ಗ್ರಾಹಕರಿಂದ ಸಂಗ್ರಹಿಸಿದ ಹಣವನ್ನು ಅದು ತನ್ನ ವ್ಯಾಪಾರಕ್ಕೆ ಬಳಸುವಂತಿಲ್ಲ. ಅದನ್ನು ಒಂದು ವಾಣಿಜ್ಯ ಬ್ಯಾಂಕಿನಲ್ಲಿ ಎಸ್ಕ್ರೋ ಎಂಬ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂಬುದು ನಿಯಮ. ಇದು ದೊಡ್ಡ ಆಸರೆ. ಆದರೆ ಅದು ನಿಮ್ಮ ಹೆಸರಿನ ಠೇವಣಿ ಅಲ್ಲ. ಠೇವಣಿ ಅಲ್ಲದ್ದರಿಂದ ಬಡ್ಡಿ ಇಲ್ಲ. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಉಂಟು, 2020ರ ಫೆಬ್ರುವರಿ 4ರಿಂದ ಆ ಮಿತಿ ಜಾರಿಯಲ್ಲಿದೆ. ಕಂಪನಿಯ ಬಳಿ ಇರುವ ನಿಮ್ಮ ಪ್ರೀಪೇಯ್ಡ್ ಬಾಕಿಗೆ ಆ ವಿಮೆ ಇಲ್ಲ.

ಇನ್ನೊಂದು ಜಾತಿಯ ಕಾರ್ಡಿನಲ್ಲಿ ಹಣದ ವಿಳಾಸವೇ ಬೇರೆ. ನಿಮ್ಮ ಮಕ್ಕಳು ಬೆಂಗಳೂರಿನಲ್ಲಿದ್ದರೆ ಅವರ ಕೈಯಲ್ಲಿ ಮೆಟ್ರೊ ಕಾರ್ಡು ನೋಡಿರುತ್ತೀರಿ. ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡು 2019ರ ಮಾರ್ಚ್ 4ರಂದು ದೇಶಕ್ಕೆ ಬಂತು, 2023ರಲ್ಲಿ ನಮ್ಮ ಮೆಟ್ರೊಗೆ ಬಂತು. ಮೆಟ್ರೊ ಗೇಟಿನ ಮುಂದೆ ಜನ ಸಾಲುಗಟ್ಟಿ ನಿಂತಿರುವಾಗ ಪ್ರತಿಯೊಬ್ಬರಿಗೂ ದೂರದ ಗಣಕಯಂತ್ರವನ್ನು ಕೇಳುತ್ತ ಕೂರಲು ಸಮಯವಿಲ್ಲ. ಅದಕ್ಕಾಗಿ ಈ ಕಾರ್ಡಿನ ಚಿಪ್ಪಿನೊಳಗೇ ಒಂದು ಸಣ್ಣ ಥೈಲಿ ಮಾಡಿ, ಅದರಲ್ಲಿ ಬಾಕಿಯನ್ನು ಬರೆದಿಟ್ಟಿರುತ್ತಾರೆ. ಗೇಟು 13.56 ಮೆಗಾಹರ್ಟ್ಸ್ ಆವರ್ತದ ಕಾಂತಕ್ಷೇತ್ರದಿಂದ ಚಿಪ್ಪಿಗೆ ಶಕ್ತಿ ಕೊಟ್ಟು ಎಬ್ಬಿಸುತ್ತದೆ, ಬಾಕಿಯನ್ನು ಓದುತ್ತದೆ, ದರ ಕಳೆದು ಹೊಸ ಬಾಕಿಯನ್ನು ಬರೆಯುತ್ತದೆ. ಇಲ್ಲಿ ಮಾತ್ರ ಹಣ ನಿಜಕ್ಕೂ ಕಾರ್ಡಿನೊಳಗಿದೆ. ಆದ್ದರಿಂದ ಕಾರ್ಡು ಕಳೆದರೆ ಆ ಥೈಲಿಯೂ ಕಳೆದಂತೆ, ಜೇಬಿನ ನೋಟು ಬಿದ್ದುಹೋದಂತೆ. ಗುರುತಿನ ದಾಖಲೆ ಕೇಳದೆ ಕೊಡುವ ಸಾರಿಗೆ ಕಾರ್ಡಿನ ಬಾಕಿ 3,000 ರೂಪಾಯಿ ಮೀರಬಾರದೆಂದು ಮಿತಿ ಹಾಕಿರುವುದು ವಿವೇಕದ ಕ್ರಮ.

ಬಂಕಾಪುರದ ಟೋಲ್ ಗೇಟಿನಲ್ಲಿ

"ಇಂಥ ಕಾರ್ಡು ನಮ್ಮೂರಲ್ಲಿ ಯಾರ ಹತ್ರ ಐತ್ರೀ" ಎಂದು ನೀವು ಕೇಳಬಹುದು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಟೋಲ್ ಗೇಟಿನ ಬಳಿ ಹತ್ತು ನಿಮಿಷ ನಿಂತು ನೋಡಿ. ಸವಣೂರಿನ ವೀಳ್ಯದೆಲೆ ಹೊತ್ತ ಗಾಡಿ ಇರಲಿ, ಹಾನಗಲ್ಲಿನ ಮಾವಿನ ಲಾರಿ ಇರಲಿ, ಹೆದ್ದಾರಿ ಹಿಡಿದು ಗೇಟು ದಾಟಬೇಕಾದರೆ ಮುಂಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಬೇಕು. ಕಾರ್ಡಿನ ಆಕಾರವಿಲ್ಲ ಅಷ್ಟೆ. ಅದೂ ಪ್ರೀಪೇಯ್ಡ್ ಸಾಧನವೇ. 2021ರ ಫೆಬ್ರುವರಿ 15ರ ಮಧ್ಯರಾತ್ರಿಯಿಂದ ಅದು ಕಡ್ಡಾಯವಾಯಿತು, ಇಲ್ಲದವರಿಗೆ ಎರಡರಷ್ಟು ಶುಲ್ಕ. 2025ರ ನವೆಂಬರ್ 15ರಿಂದ ಈ ದಂಡವನ್ನು ಸ್ವಲ್ಪ ಬದಲಿಸಿ, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು, ನಗದಿನಲ್ಲಿ ಕೊಟ್ಟರೆ ಎರಡು ಪಟ್ಟು ಎಂದು ಮಾಡಿದರು.

ಆ ಚೀಟಿಯೊಳಗೆ ಬ್ಯಾಟರಿ ಇಲ್ಲ, ಹಣವೂ ಇಲ್ಲ. ಒಂದು ತೆಳುವಾದ ಆಂಟೆನಾ, ಅದರ ನಡುವೆ ಸಾಸಿವೆಗಿಂತ ಚಿಕ್ಕದಾದ ಚಿಪ್ಪು, ಅದರಲ್ಲೊಂದು ಗುರುತಿನ ಸಂಖ್ಯೆ. ಗೇಟಿನ ಮೇಲಿನ ಓದುಗ ಯಂತ್ರ 865ರಿಂದ 867 ಮೆಗಾಹರ್ಟ್ಸ್ ವ್ಯಾಪ್ತಿಯ ರೇಡಿಯೊ ಅಲೆ ಬೀರುತ್ತದೆ. ಆ ಅಲೆಯಿಂದಲೇ ಶಕ್ತಿ ಪಡೆದು ಚಿಪ್ಪು ತನ್ನ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಹಣ ಕಳೆಯುವುದೆಲ್ಲ ಹಿಂದಿನ ಗಣಕಯಂತ್ರದಲ್ಲಿ. 2022ರ ಜೂನಿನಲ್ಲಿ ಒಂದು ವಿಡಿಯೊ ಊರೂರು ಸುತ್ತಿದ್ದು ನೆನಪಿದೆಯೇ? ಕಾರಿನ ಗಾಜು ಒರೆಸುವ ಹುಡುಗನೊಬ್ಬ ಕೈಗಡಿಯಾರವನ್ನು ಫಾಸ್ಟ್ಯಾಗಿನ ಮೇಲೆ ಆಡಿಸಿ ಹಣ ಕದಿಯುವ ದೃಶ್ಯ. ಅದು ಸುಳ್ಳು ಎಂದು ರಾಷ್ಟ್ರೀಯ ಪಾವತಿ ನಿಗಮ ಸ್ಪಷ್ಟಪಡಿಸಿತು. ನೋಂದಾಯಿತ ಟೋಲ್ ಅಥವಾ ಪಾರ್ಕಿಂಗ್ ಸಂಸ್ಥೆಗಳಿಗೆ ಮಾತ್ರ ಅದರಿಂದ ಹಣ ಹೋಗುತ್ತದೆ, ದಾರಿಹೋಕನಿಗೆ ಹೋಗುವ ದಾರಿಯೇ ಇಲ್ಲ. ಹಣದ ವಿಳಾಸ ಗೊತ್ತಿದ್ದವರು ಆ ವಿಡಿಯೊ ನೋಡಿ ನಕ್ಕಿರುತ್ತಾರೆ.

ಆದರೆ 2024ರಲ್ಲಿ ನಗುವಂಥದ್ದೇನೂ ಆಗಲಿಲ್ಲ. ಆ ವರ್ಷ ಜನವರಿ 31ರಂದು ರಿಸರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಗಡುವು ಒಮ್ಮೆ ಮುಂದಕ್ಕೆ ಹೋಗಿ, ಮಾರ್ಚ್ 15ರ ನಂತರ ಅದರ ವ್ಯಾಲೆಟ್, ಫಾಸ್ಟ್ಯಾಗ್, ಸಂಚಾರ ಕಾರ್ಡುಗಳಿಗೆ ಹೊಸದಾಗಿ ಹಣ ತುಂಬುವಂತಿಲ್ಲ ಎಂದಾಯಿತು. ಇದ್ದ ಬಾಕಿಯನ್ನು ಖರ್ಚು ಮಾಡಲು ಅಡ್ಡಿಯಿರಲಿಲ್ಲ, ಹಣ ಮುಳುಗಲಿಲ್ಲ. ಆದರೂ ಲಾರಿಯವನು ಹಳೆಯ ಚೀಟಿ ಕಿತ್ತು, ಬೇರೆ ಬ್ಯಾಂಕಿನ ಚೀಟಿ ಹುಡುಕಿ, ಮತ್ತೆ ದಾಖಲೆ ಕೊಟ್ಟು, ಮತ್ತೆ ಅಂಟಿಸಬೇಕಾಯಿತು. ಸರಕು ಎಲೆಯಾದರೆ ಅದು ಅವನಿಗಾಗಿ ಕಾಯುವುದಿಲ್ಲ. ಪ್ರೀಪೇಯ್ಡ್ ಸಾಧನ ಎಷ್ಟೇ ಚೆನ್ನಾಗಿ ಕೆಲಸ ಮಾಡಲಿ, ಅದನ್ನು ಕೊಟ್ಟ ಸಂಸ್ಥೆಯ ಆರೋಗ್ಯಕ್ಕೆ ಅದು ಕಟ್ಟುಬಿದ್ದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಲಾಭದ ಕಡೆ

ಮೊದಲ ಮತ್ತು ದೊಡ್ಡ ಲಾಭ ಈಗಾಗಲೇ ನಿಮಗೆ ಹೊಳೆದಿರುತ್ತದೆ. ಮೋಸ ಆದರೆ, ಕಳೆದರೆ, ಕದ್ದರೆ, ನಷ್ಟ ಕಾರ್ಡಿಗೆ ತುಂಬಿಸಿದ ಮೊತ್ತವನ್ನು ಮೀರುವುದಿಲ್ಲ. "ನಿಮ್ಮ ಕಾರ್ಡು ಬಂದ್ ಆಗುತ್ತದೆ, ನಂಬರು ಹೇಳಿ" ಎಂದು ಫೋನು ಮಾಡುವವರ ಬಲೆಗೆ ಯಾವುದೋ ಗಳಿಗೆಯಲ್ಲಿ ಯಾರು ಬೇಕಾದರೂ ಬೀಳಬಹುದು. ಓದಿದವರು ಬೀಳುವುದಿಲ್ಲ ಎಂಬುದು ಭ್ರಮೆ. ಬಿದ್ದಾಗ ಒಂದೂವರೆ ಸಾವಿರ ಹೋಗುವುದಕ್ಕೂ ಬೆಳೆಯ ಹಣವೆಲ್ಲ ಹೋಗುವುದಕ್ಕೂ ಅಂತರವಿದೆ. ಅಪರಿಚಿತ ಜಾಲತಾಣದಲ್ಲಿ ಏನನ್ನಾದರೂ ಕೊಳ್ಳುವಾಗಲೂ ಇದೇ ಮಾತು ಅನ್ವಯಿಸುತ್ತದೆ.

ಖರ್ಚಿಗೆ ತಾನಾಗಿಯೇ ಕಡಿವಾಣ ಬೀಳುವುದು ಎರಡನೆಯದು. ಸಾಲವಾಗುವ ಭಯವಿಲ್ಲ. ಸಂಬಳ ಕೊಡುವ ಸಂಸ್ಥೆಗಳು ನೌಕರರ ಪ್ರಯಾಣ, ಊಟದ ಖರ್ಚಿಗೆ ಇಂಥ ಕಾರ್ಡು ಕೊಡುವುದೂ ಈ ಲೆಕ್ಕದ ಅನುಕೂಲಕ್ಕಾಗಿ. ವಿದೇಶಕ್ಕೆ ಹೋಗುವವರಿಗೆ, ಹಜ್ ಯಾತ್ರೆ ಹೊರಟವರಿಗಾಗಲಿ ಓದಲು ಹೋಗುವವರಿಗಾಗಲಿ, ವಿದೇಶಿ ಹಣ ತುಂಬಿದ ಪ್ರೀಪೇಯ್ಡ್ ಕಾರ್ಡು ದೊರೆಯುತ್ತದೆ. ತುಂಬಿಸಿದ ದಿನದ ವಿನಿಮಯ ದರವೇ ಖರ್ಚಿನ ದಿನಕ್ಕೂ ನಿಲ್ಲುವುದರಿಂದ ಡಾಲರಿನ ಏರಿಳಿತದ ಚಿಂತೆ ಇರುವುದಿಲ್ಲ.

ಪಡೆಯುವುದೂ ಸುಲಭ. ಮೊಬೈಲ್ ಸಂಖ್ಯೆಯನ್ನು ಒಟಿಪಿಯಿಂದ ಖಚಿತಪಡಿಸಿ, ಹೆಸರು ಮತ್ತು ಒಂದು ಗುರುತಿನ ದಾಖಲೆಯ ಸಂಖ್ಯೆ ಕೊಟ್ಟರೆ ಸಣ್ಣ ಬಗೆಯ ಕಾರ್ಡು ಸಿಗುತ್ತದೆ. ಅದರ ಬಾಕಿ ಯಾವಾಗಲೂ 10,000 ರೂಪಾಯಿಯೊಳಗಿರಬೇಕು. ತಿಂಗಳಿಗೆ ತುಂಬಿಸುವುದೂ ಅಷ್ಟನ್ನೇ, ವರ್ಷಕ್ಕೆ 1,20,000ವರೆಗೆ. ಪೂರ್ಣ ಕೆವೈಸಿ ಮಾಡಿಸಿದರೆ ಬಾಕಿಯ ಮಿತಿ 2 ಲಕ್ಷಕ್ಕೇರುತ್ತದೆ.

ತೊಂದರೆಯ ಕಡೆ

ಸಣ್ಣ ಬಗೆಯ ಕಾರ್ಡಿನಿಂದ ನಗದು ತೆಗೆಯುವಂತಿಲ್ಲ, ಬೇರೊಬ್ಬರಿಗೆ ಹಣ ಕಳುಹಿಸುವಂತಿಲ್ಲ. ಸಾಮಾನು ಕೊಳ್ಳಲು ಮಾತ್ರ ಅದು. ಹಾಸ್ಟೆಲಿನ ಪಕ್ಕದ ಚಹಾದಂಗಡಿಯಲ್ಲಿ ಕಾರ್ಡು ಯಂತ್ರ ಇರುವುದಿಲ್ಲ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಪೂರ್ಣ ಕೆವೈಸಿ ಆದ, ಬ್ಯಾಂಕೇತರ ಕಂಪನಿಯ ಕಾರ್ಡಿನಿಂದ ನಗದು ಸಿಗುತ್ತದೆ, ಆದರೆ ಒಂದು ಸಲಕ್ಕೆ 2,000, ತಿಂಗಳಿಗೆ ಒಟ್ಟು 10,000 ರೂಪಾಯಿ. ನಗದು ಕೊಟ್ಟು ತುಂಬಿಸುವುದಕ್ಕೂ ತಿಂಗಳಿಗೆ 50,000ದ ಮಿತಿ ಇದೆ.

ಶುಲ್ಕಗಳು ಇನ್ನೊಂದು ಕಿರಿಕಿರಿ. ಕಾರ್ಡು ಕೊಡಲು ಇಷ್ಟು, ತುಂಬಿಸಲು ಇಷ್ಟು, ಕಳೆದರೆ ಹೊಸದಕ್ಕೆ ಇಷ್ಟು ಎಂದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ ಬೇರೆ ದರ. ಅವುಗಳನ್ನು ಕಾರ್ಡಿನ ಜೊತೆ ಬರುವ ಹಾಳೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಸಣ್ಣ ಮೊತ್ತಕ್ಕೆ ಶುಲ್ಕದ ಪೆಟ್ಟು ದೊಡ್ಡದು. 500 ತುಂಬಿಸಿ 25 ಕೊಟ್ಟರೆ ನೂರಕ್ಕೆ ಐದರಂತೆ ಆಯಿತಲ್ಲವೇ?

ಕಳೆದುಹೋದಾಗ ಏನಾಗುತ್ತದೆಂಬುದು ಕಾರ್ಡಿನ ಜಾತಿಯ ಮೇಲೆ ನಿಂತಿದೆ. ಮತ್ತೆ ಮತ್ತೆ ತುಂಬಿಸಬಹುದಾದ ಕಾರ್ಡಿಗೆ ಚಿಪ್ಪು, ಪಿನ್ನು ಇರುತ್ತವೆ. ಫೋನು ಮಾಡಿ ತಡೆಹಿಡಿಸಿದರೆ ಬಾಕಿ ಉಳಿಯುತ್ತದೆ. ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ಮೋಸವಾಗಿ, ಸಂದೇಶ ಬಂದ ಮೂರು ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂದು 2019ರ ಜನವರಿ 4ರ ನಿರ್ದೇಶನದಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕೇತರ ಕಂಪನಿಗಳಿಗೂ ಹೇಳಿತು. ಉಡುಗೊರೆ ಕಾರ್ಡಿನ ಕಥೆ ಬೇರೆ. ಅದಕ್ಕೆ ಚಿಪ್ಪು ಕಡ್ಡಾಯವಲ್ಲ, ಪಿನ್ನಿನಂಥ ಎರಡನೆಯ ಪರೀಕ್ಷೆಯೂ ಕಡ್ಡಾಯವಲ್ಲ. ಸಿಕ್ಕವನು ಯಾರೇ ಆಗಲಿ ಅಂಗಡಿಗೆ ಹೋಗಿ ಬಳಸಿಬಿಡಬಹುದು. ಒಂದಕ್ಕೆ 10,000 ರೂಪಾಯಿಯ ಮಿತಿ ಇದೆ, ಮತ್ತೆ ತುಂಬಿಸಲಾಗದು, ನಗದಾಗಿಸಲೂ ಆಗದು.

ಒಂದು ಉಡುಗೊರೆ ಕಾರ್ಡು

ಇದರಲ್ಲಿ ನಾನೂ ಪಾಠ ಕಲಿತವನೇ. ಸಮಾರಂಭವೊಂದರಲ್ಲಿ ನನಗೆ ಎರಡು ಸಾವಿರ ರೂಪಾಯಿಯ ಉಡುಗೊರೆ ಕಾರ್ಡು ಕೊಟ್ಟಿದ್ದರು. ಹುಬ್ಬಳ್ಳಿಗೆ ಹೋದಾಗ ಅದರಲ್ಲಿ 1,640 ರೂಪಾಯಿಯ ಬಟ್ಟೆ ಕೊಂಡೆ. ಉಳಿದ 360ಕ್ಕೆ ಸರಿಹೊಂದುವ ವಸ್ತು ಸಿಗಲಿಲ್ಲ. ಉಡುಗೊರೆ ಕಾರ್ಡುಗಳ ಸ್ವಭಾವವೇ ಇದು. ಒಂದೋ ಸ್ವಲ್ಪ ಉಳಿಯುತ್ತದೆ, ಇಲ್ಲವೇ ಕೈಯಿಂದ ಸ್ವಲ್ಪ ಹಾಕುವಂತಾಗುತ್ತದೆ. ಕಾರ್ಡು ಪುಸ್ತಕವೊಂದರ ನಡುವೆ ಸೇರಿಕೊಂಡಿತು. ಒಂದೂವರೆ ವರ್ಷದ ಮೇಲೆ ಕೈಗೆ ಸಿಕ್ಕಾಗ ಅದರ ಅವಧಿ ಮುಗಿದಿತ್ತು. ಕಾರ್ಡು ಕೊಟ್ಟ ಕಂಪನಿಗೆ ಫೋನು ಮಾಡಿದರೆ, "ಅವಧಿ ಮುಗಿದರೆ ಹಣ ಹೋದಂತೆ ಸರ್" ಎಂದು ಅತ್ತಲಿನ ಯುವಕ ಬಹಳ ವಿನಯದಿಂದ ಹೇಳಿದ. ನಾನೂ ನಂಬಿದೆ.

ಆಮೇಲೆ ರಿಸರ್ವ್ ಬ್ಯಾಂಕಿನ ನಿರ್ದೇಶನವನ್ನು ಓದುವಾಗ ಕಣ್ಣಿಗೆ ಬಿದ್ದದ್ದು ಇದು: ಪ್ರೀಪೇಯ್ಡ್ ಸಾಧನಕ್ಕೆ ಕೊನೆಯ ಸಲ ಹಣ ತುಂಬಿದ ದಿನದಿಂದ ಕನಿಷ್ಠ ಒಂದು ವರ್ಷ ಆಯುಷ್ಯ ಇರಬೇಕು. ಅವಧಿ ಮುಗಿಯುವ ಮುನ್ನ 45 ದಿನಗಳಲ್ಲಿ ಗ್ರಾಹಕನಿಗೆ ಎಚ್ಚರಿಕೆಯ ಸಂದೇಶ ಕಳುಹಿಸಬೇಕು. ಅವಧಿ ಮುಗಿದ ಮೇಲೂ ಬ್ಯಾಂಕೇತರ ಕಂಪನಿ ಆ ಬಾಕಿಯನ್ನು ಕನಿಷ್ಠ ಮೂರು ವರ್ಷ ತನ್ನ ಲಾಭದ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ. ಗ್ರಾಹಕ ಬಂದು ಕೇಳಿದರೆ ಅವನ ಬ್ಯಾಂಕ್ ಖಾತೆಗೆ ಕೊಡಬೇಕು. ಉಡುಗೊರೆ ಕಾರ್ಡಾದರೆ, ಕೇಳಿದಾಗ ಅದರ ಅವಧಿಯನ್ನು ಮುಂದುವರಿಸಬೇಕು ಅಥವಾ ಹೊಸದನ್ನು ಕೊಡಬೇಕು. ಇಷ್ಟನ್ನು ಬರೆದು, ಕಾರ್ಡಿನ ಕೊನೆಯ ನಾಲ್ಕು ಅಂಕಿ ಸೇರಿಸಿ ಮಿಂಚಂಚೆ ಹಾಕಿದೆ. ಎಂಟನೆಯ ದಿನ 360 ರೂಪಾಯಿ ಖಾತೆಗೆ ಬಂತು. ಮೊತ್ತ ಸಣ್ಣದೇ. ಆದರೆ ಆ ಯುವಕನ ಮಾತು ನಂಬಿ ಸುಮ್ಮನಾದವರು ಎಷ್ಟು ಜನರಿರಬಹುದು ಎಂದು ಯೋಚಿಸುತ್ತೇನೆ. ನಿಮ್ಮ ಕಪಾಟಿನಲ್ಲೂ ಅಂಥ ಕಾರ್ಡು ಇದ್ದರೆ ಇವತ್ತೇ ಹುಡುಕಿ ನೋಡಿ.

ಹಿರೇಕೆರೂರಿನ ತಂದೆ ಏನು ಮಾಡಬೇಕು?

ಆ ತಂದೆಗೆ ಪ್ರೀಪೇಯ್ಡ್ ಕಾರ್ಡು ಕೊಡಿಸಿ ಎನ್ನಬಹುದೇ? ತನ್ನ ಡೆಬಿಟ್ ಕಾರ್ಡನ್ನೂ ಪಿನ್ನನ್ನೂ ಕೊಡುವುದಕ್ಕಿಂತ ಅದು ಖಂಡಿತ ಮೇಲು. ಆದರೆ ನನ್ನನ್ನು ಕೇಳಿದರೆ, ಅದಕ್ಕಿಂತಲೂ ಒಳ್ಳೆಯ ದಾರಿ ಇದೆ: ಮಗಳ ಹೆಸರಿನಲ್ಲೇ ಒಂದು ಉಳಿತಾಯ ಖಾತೆ. ತಿಂಗಳಿಗೊಮ್ಮೆ ಬೇಕಾದಷ್ಟನ್ನು ಅದಕ್ಕೆ ಹಾಕಿದರೆ ಪ್ರೀಪೇಯ್ಡ್ ಕಾರ್ಡಿನ ದೊಡ್ಡ ಗುಣ ಇಲ್ಲೂ ಸಿಕ್ಕಿತು, ನಷ್ಟವಾದರೆ ಆ ಖಾತೆಯಲ್ಲಿ ಇದ್ದಷ್ಟೇ. ಮೇಲಾಗಿ ಬಡ್ಡಿ ಉಂಟು, ಠೇವಣಿ ವಿಮೆ ಉಂಟು, ಎಟಿಎಂನಿಂದ ನಗದು ಉಂಟು, ಒಂದು ವರ್ಷಕ್ಕೆ ಹಣದ ಆಯುಷ್ಯ ಮುಗಿಯುವ ಭಯವಿಲ್ಲ. ವಿದ್ಯಾರ್ಥಿವೇತನ ಬಂದರೂ ಅದು ಸೇರುವುದು ಬ್ಯಾಂಕ್ ಖಾತೆಗೇ. ಮನೆಯಲ್ಲಿ ತಾಯಿಯ ಗೃಹಲಕ್ಷ್ಮಿ ಹಣವೂ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆಯಲ್ಲ, ಹಾಗೆಯೇ.

ಮಗಳಿಗೆ ಇನ್ನೂ ಹದಿನೆಂಟು ತುಂಬಿಲ್ಲ ಎನ್ನುತ್ತೀರಾ? 10 ವರ್ಷ ಮೀರಿದ ಮಕ್ಕಳು ತಾವೇ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು 2025ರ ಏಪ್ರಿಲ್ 21ರ ಸುತ್ತೋಲೆ ಹೇಳಿದೆ. ಮೊತ್ತದ ಮಿತಿಯನ್ನು, ಕಾರ್ಡು ಕೊಡಬೇಕೇ ಎಂಬುದನ್ನು ಆಯಾ ಬ್ಯಾಂಕು ನಿರ್ಧರಿಸುತ್ತದೆ. ನಮ್ಮ ಭಾಗದ ಹಳ್ಳಿಗಳಲ್ಲಿ ಬಹಳ ಮಂದಿಗೆ ಪರಿಚಿತವಾದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಅಲ್ಲಿಯೇ ಇರಲಿ, ಬೇರೆಡೆಯೇ ಇರಲಿ, ಖಾತೆ ತೆರೆಯುವಾಗ ಕನಿಷ್ಠ ಶಿಲ್ಕು ಎಷ್ಟಿರಬೇಕೆಂದು ಮೊದಲೇ ಕೇಳಿಕೊಳ್ಳಿ. ಆ ನಿಯಮವನ್ನು ಮರೆತರೆ ಉಳಿತಾಯ ಖಾತೆಯೂ ದಂಡ ತಿನ್ನುತ್ತದೆ.

ತಂದೆಯ ಕಾರ್ಡಿನ ವಿಷಯದಲ್ಲೂ ಮಾಡಬಹುದಾದ ಕೆಲಸವಿದೆ. 2020ರ ಅಕ್ಟೋಬರಿನಿಂದ ಪ್ರತಿ ಡೆಬಿಟ್ ಕಾರ್ಡಿನಲ್ಲಿ ಆನ್‌ಲೈನ್ ಖರೀದಿ, ವಿದೇಶಿ ಬಳಕೆ, ತಾಗಿಸಿ ಪಾವತಿ ಮಾಡುವ ಸೌಲಭ್ಯ ಇವನ್ನೆಲ್ಲ ಗ್ರಾಹಕನೇ ಬಂದ್ ಮಾಡಬಹುದು, ದಿನದ ಮಿತಿಯನ್ನೂ ಇಳಿಸಬಹುದು. ತಾಗಿಸಿ ಕೊಡುವ ಪಾವತಿಯಲ್ಲಿ 5,000 ರೂಪಾಯಿವರೆಗೆ ಪಿನ್ನು ಬೇಕಿಲ್ಲ ಎಂಬುದನ್ನು ಬಲ್ಲವರು ಅದನ್ನು ಮೊದಲು ಬಂದ್ ಮಾಡುತ್ತಾರೆ. ಎಟಿಎಂನಿಂದ ನಗದು ತೆಗೆಯಲು ಮಾತ್ರ ಕಾರ್ಡು ಬಳಸುವವರಿಗೆ ಇವು ಯಾವುವೂ ತೆರೆದಿರಬೇಕಾದ ಕಾರಣವಿಲ್ಲ.

ಹಾಗಾದರೆ ಪ್ರೀಪೇಯ್ಡ್ ಕಾರ್ಡು ಯಾರಿಗೆ? ಟೋಲ್ ದಾಟುವವರಿಗೆ, ಮೆಟ್ರೊ ಹತ್ತುವವರಿಗೆ ಬೇರೆ ದಾರಿಗಿಂತ ಅದೇ ಸಲೀಸು. ವಿದೇಶಕ್ಕೆ ಹೊರಟವರಿಗೆ ಉಪಯುಕ್ತ. ಆನ್‌ಲೈನ್ ಖರೀದಿಗೆಂದೇ ಸಾವಿರದೆರಡು ಸಾವಿರವನ್ನು ಪ್ರತ್ಯೇಕವಾಗಿ ಇಡಲು ಬಯಸುವವರಿಗೆ, ಎರಡನೆಯ ಖಾತೆಯ ಕನಿಷ್ಠ ಶಿಲ್ಕಿನ ಗೊಡವೆ ಬೇಡವೆನ್ನುವವರಿಗೆ ಸರಿಹೋಗುತ್ತದೆ. ಪೂರ್ಣ ಕೆವೈಸಿ ಆದ ವ್ಯಾಲೆಟ್ಟಿನ ಹಣವನ್ನು ಬೇರೆ ಸಂಸ್ಥೆಯ ಯುಪಿಐ ಆ್ಯಪ್ ಮೂಲಕವೂ ಬಳಸಲು 2024ರ ಡಿಸೆಂಬರ್ 27ರಂದು ಅನುಮತಿ ಸಿಕ್ಕಿದ್ದರಿಂದ ಅದರ ಉಪಯೋಗ ಇನ್ನಷ್ಟು ಹೆಚ್ಚಿದೆ. ಆದರೆ ಉಳಿತಾಯಕ್ಕೆ ಅದು ಜಾಗವಲ್ಲ. ಎರಡು ಲಕ್ಷದವರೆಗೆ ಇಡಬಹುದೆಂದು ನಿಯಮ ಹೇಳುತ್ತದೆ, ನಿಜ, ಇಡಬೇಕೆಂದು ಹೇಳುವುದಿಲ್ಲ. ಎರಡು ವಾರದ ಖರ್ಚಿಗಿಂತ ಹೆಚ್ಚನ್ನು ನಾನಂತೂ ಇಡುವುದಿಲ್ಲ.

ಕಾರ್ಡು ಕೊಳ್ಳುವ ಮುನ್ನ ಅದರ ಮೇಲೆ ಯಾವ ಬ್ಯಾಂಕು ಅಥವಾ ಕಂಪನಿಯ ಹೆಸರಿದೆ ಎಂದು ಓದಿ, ಅದು ಅನುಮತಿ ಪಡೆದ ಸಂಸ್ಥೆಯೇ ಎಂದು ರಿಸರ್ವ್ ಬ್ಯಾಂಕಿನ ಜಾಲತಾಣದ ಪಟ್ಟಿಯಲ್ಲಿ ನೋಡಿ. ಕಾರ್ಡಿನ ಕೊನೆಯ ನಾಲ್ಕು ಅಂಕಿ, ಅವಧಿ ಮುಗಿಯುವ ತಿಂಗಳು, ತಡೆಹಿಡಿಸಲು ಕರೆ ಮಾಡಬೇಕಾದ ಸಂಖ್ಯೆ ಈ ಮೂರನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ, ಏಕೆಂದರೆ ಆ ಸಂಖ್ಯೆ ಮುದ್ರಿತವಾಗಿರುವುದು ಕಳೆದುಹೋಗಲಿರುವ ಆ ಕಾರ್ಡಿನ ಹಿಂಬದಿಯಲ್ಲೇ! ಮೋಸವಾಯಿತೆಂದು ಗೊತ್ತಾದ ಕ್ಷಣ ಕಾರ್ಡು ಕೊಟ್ಟವರಿಗೆ ತಿಳಿಸಿ, 1930ಕ್ಕೆ ಕರೆ ಮಾಡಿ. ಸಂಸ್ಥೆಯವರು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಅವರ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ವಿವರ ಬೇಕಾದರೆ ರಿಸರ್ವ್ ಬ್ಯಾಂಕಿನ 14448 ಸಂಖ್ಯೆಯಲ್ಲಿ ಕೇಳಬಹುದು.